ಫ್ಲಾರೆನ್ಸ್ ನಗರದಲ್ಲಿ ಒಂದು ವಿದ್ಯಾರ್ಥಿ ತಂಡದ ಕಲಾಪ್ರವಾಸ

ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವುದು ನಮ್ಮ ಶಾಲೆಗಳಲ್ಲಿ ವರ್ಷಾವಧಿಯ ರೂಢಿಯಾಗಿದೆ. ಜತ್ತ, ಅಕ್ಕಲಕೋಟೆ ಸೀಮೆಯ ನಮ್ಮ ಮಕ್ಕಳು ಮರಾಠಿಯ ಮಾತನ್ನೇ ಹಿಡಿದು ಅದಕ್ಕೆ 'ಸಹಲ್' ಎನ್ನುತ್ತಾರೆ. ಇಟಲಿಯ ಶಾಲೆಗಳಲ್ಲಿ ಅದರ ಹೆಸರು 'ಜೀತಾ'. ಕನ್ನಡದ ಕಿವಿಗೆ ಈ ಶಬ್ದ ಬೇರೊಂದು ಅರ್ಥವನ್ನೇ ಹೇಳುತ್ತದೆ. ಒಂದೇ ದಿವಸದಲ್ಲಿ ಐದು ಊರು ತೋರಿಸುವೆವೆಂದು ಮಕ್ಕಳನ್ನು ಬಸ್ಸಿನಿಂದ ಇಳಿಸಿ ಮತ್ತೆ ಬಸ್ಸಿಗೆ ಹತ್ತಿಸುವ ಸಹಲುಗಳನ್ನು ಕಂಡವರಿಗೆ ಆ ಅರ್ಥವೂ ತೀರ ಹೊರತಾದುದೆಂದು ತೋರಲಿಕ್ಕಿಲ್ಲ.

ನಮ್ಮಲ್ಲಿ ಕಲಿತು ಈಗ ವಾಸ್ತುಶಿಲ್ಪದ ಕಾಲೇಜಿನಲ್ಲಿರುವ ವಿದ್ಯಾರ್ಥಿನಿಯೊಬ್ಬಳು ತನ್ನ ಸಹಪಾಠಿಗಳ ತಂಡದೊಡನೆ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಇಪ್ಪತ್ತೆರಡು ಮಂದಿ ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು. ಅವಳು ನಮಗೆ ಓದಲು ಕೊಟ್ಟ ಟಿಪ್ಪಣಿ ಪುಸ್ತಕವನ್ನೂ, ಆ ನಗರದ ಕಲೆಯನ್ನು ಕುರಿತು ನಾವು ವರ್ಷಗಳಿಂದ ಓದಿಕೊಂಡು ಬಂದ ಸಂಗತಿಗಳನ್ನೂ ಕೂಡಿಸಿ ಈ ಲೇಖನವನ್ನು ಬರೆದಿದ್ದೇವೆ. ನೋಡತಕ್ಕ ಸ್ಥಳಗಳ ಯಾದಿ ಕೊಡುವುದು ನಮ್ಮ ಉದ್ದೇಶವಲ್ಲ. ಒಂದು ಕಲಾಕೃತಿಯನ್ನು ಅದು ಹುಟ್ಟಿದ ಊರಿನಲ್ಲಿ, ಅದನ್ನು ಹುಟ್ಟಿಸಿದ ಕಸುಬುಗಳ ನಡುವೆ ನಿಂತು ನೋಡಿದರೆ ವಿದ್ಯಾರ್ಥಿಗೆ ಏನು ತಿಳಿಯುತ್ತದೆ? ಆ ಕೃತಿ ಆ ಊರಿನಲ್ಲೇ ಉಳಿದುಕೊಂಡದ್ದಾದರೂ ಹೇಗೆ? ಈ ಎರಡು ಪ್ರಶ್ನೆಗಳನ್ನಷ್ಟೇ ಇಲ್ಲಿ ಎತ್ತಿಕೊಂಡಿದೆ.

ಇಟಲಿಯವರು ಈ ನಗರವನ್ನು ಫಿರೆಂಜೆ ಎನ್ನುತ್ತಾರೆ. ಆರ್ನೋ ನದಿಯ ಎರಡೂ ದಂಡೆಗೆ ಹಬ್ಬಿದ ಊರು. ಉಣ್ಣೆಯ ನೇಯ್ಗೆ, ಬಣ್ಣಗಾರಿಕೆ, ಲೇವಾದೇವಿ, ಇವು ಅದರ ಐಶ್ವರ್ಯದ ಮೂಲ. ಉಣ್ಣೆಯವರಿಗೊಂದು, ಅರಿವೆಯ ವ್ಯಾಪಾರಿಗಳಿಗೊಂದು, ರೇಷ್ಮೆಯವರಿಗೊಂದು ಹೀಗೆ ಕಸುಬುದಾರರ ಸಂಘಗಳಿದ್ದುವು. ಇಂದು ನಾವು ಕಲೆಯೆಂದು ತಲೆಬಾಗುವ ಎಷ್ಟೋ ವಸ್ತುಗಳು ಈ ಸಂಘಗಳು ಹಣಕೊಟ್ಟು, ಕರಾರು ಬರೆಯಿಸಿ, ಅವಧಿ ಹಾಕಿ ಮಾಡಿಸಿದವು. ಹಳೆಯ ಊರು ಚಿಕ್ಕದು. ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ತಾಸಿನಲ್ಲಿ ನಡೆದು ಹೋಗಬಹುದು. ವಿದ್ಯಾರ್ಥಿ ತಂಡಕ್ಕೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಈ ತಂಡದ ಅಧ್ಯಾಪಕರು ಹೊರಡುವ ಮುಂಚೆಯೇ ಎರಡು ಕಟ್ಟಳೆ ಹಾಕಿದ್ದರಂತೆ. ದಿನಕ್ಕೆ ಮೂರಕ್ಕಿಂತ ಹೆಚ್ಚು ವಸ್ತುಗಳನ್ನು ನೋಡಕೂಡದು. ಯಾವುದನ್ನೇ ಆಗಲಿ, ಹತ್ತು ನಿಮಿಷ ಪೆನ್ಸಿಲ್ ಹಿಡಿದು ಬರೆಯದೆ ಅದರ ಫೋಟೋ ತೆಗೆಯಕೂಡದು. ಮೊದಲನೆಯ ದಿನ ಹುಡುಗರು ಗೊಣಗಿದರೆಂದು ಟಿಪ್ಪಣಿಯಲ್ಲಿದೆ. ಲಕ್ಷಗಟ್ಟಲೆ ರೂಪಾಯಿ ಸುರಿದು ಸಾವಿರಾರು ಮೈಲಿ ಬಂದು ಮೂರೇ ವಸ್ತುವೇ ಎಂಬುದು ಅವರ ತಕರಾರು. ಆದರೆ ಈ ಕಟ್ಟಳೆಯಿಂದಲೇ ಆ ಪ್ರವಾಸ ಪ್ರವಾಸವಾಯಿತೆಂದು ನಮ್ಮ ಅಭಿಪ್ರಾಯ.

ಮೊದಲನೆಯ ದಿನವೆಲ್ಲ ಒಂದೇ ಚೌಕದಲ್ಲಿ ಕಳೆಯಿತು. ನಡುವೆ ಮಹಾದೇವಾಲಯ, ಎದುರಿಗೆ ಎಂಟು ಮೂಲೆಯ ದೀಕ್ಷಾಗೃಹ, ಮಗ್ಗುಲಿಗೆ ಗಂಟೆಗೋಪುರ. ದೇವಾಲಯದ ಕಟ್ಟೋಣ ಸುರುವಾದದ್ದು 1296ರಲ್ಲಿ. ನೂರಕ್ಕೂ ಮಿಕ್ಕಿ ವರ್ಷ ಕಳೆದರೂ ಅದರ ನಡುಭಾಗ ಬಾನಿಗೆ ಬಾಯಿತೆರೆದುಕೊಂಡೇ ಇತ್ತು. ಸುಮಾರು 45 ಮೀಟರ್ ಅಗಲದ ಎಂಟು ಮೂಲೆಯ ಆ ಬಾಯಿಗೆ ಗುಮ್ಮಟ ಮುಚ್ಚುವ ಉಪಾಯ ಯಾರಿಗೂ ತಿಳಿದಿರಲಿಲ್ಲ. ವಿಜಾಪುರದ ಗೋಳಗುಮ್ಮಟವನ್ನು ಸಹಲಿನಲ್ಲಿ ನೋಡದ ಮಗು ನಮ್ಮ ಕಡೆ ಅಪರೂಪ. ಅದರ ಒಳಗಿನ ಅಗಲ ಸುಮಾರು 38 ಮೀಟರ್. ಅದನ್ನು ನೆನೆದರೆ ಈ ಬಾಯಿಯ ಹಿರಿಮೆ ಅಂದಾಜಿಗೆ ಬರುತ್ತದೆ. ಇದು ಗೋಳಗುಮ್ಮಟಕ್ಕಿಂತ ಎರಡು ಶತಮಾನ ಹಿಂದಿನ ಮಾತು.

ಕಮಾನು ಕಟ್ಟುವಾಗ ಗವಂಡಿಗಳು ಕೆಳಗೆ ಕಟ್ಟಿಗೆಯ ಆಸರೆ ಕೊಡುತ್ತಾರೆ. ಗಾರೆ ಬಿಗಿದ ಮೇಲೆ ಅದನ್ನು ಕಳಚುತ್ತಾರೆ. ನೆಲದಿಂದ 50 ಮೀಟರಿಗೂ ಮೇಲೆ, ಅಷ್ಟಗಲಕ್ಕೆ, ಅಂಥ ಆಸರೆ ಕೊಡುವಷ್ಟು ಮರವನ್ನು ಎಲ್ಲಿಂದ ತರುವುದು? ಫಿಲಿಪ್ಪೊ ಬ್ರುನೆಲ್ಲೆಸ್ಕಿ ಎಂಬಾತ ಆಸರೆಯಿಲ್ಲದೆಯೇ ಕಟ್ಟುವೆನೆಂದು ಮುಂದೆ ಬಂದ. ಈತ ಗವಂಡಿಯಲ್ಲ, ಕಸುಬಿನಿಂದ ಅಕ್ಕಸಾಲಿಗ. ನಮ್ಮ ಕಡೆಯ ಮಾತಿನಲ್ಲಿ ಪತ್ತಾರ. 1420ರಲ್ಲಿ ಸುರುಮಾಡಿ 1436ರಲ್ಲಿ ಗುಮ್ಮಟವನ್ನು ಮುಚ್ಚಿದ. ಅವನ ಯುಕ್ತಿ ಮುಖ್ಯವಾಗಿ ಎರಡು. ಒಂದರೊಳಗೊಂದು ಎರಡು ಚಿಪ್ಪುಗಳಂತೆ ಗುಮ್ಮಟವನ್ನು ಎಬ್ಬಿಸಿದ. ಇದರಿಂದ ಭಾರ ತಗ್ಗಿತು. ಇಟ್ಟಂಗಿಗಳನ್ನು ಮೀನಿನ ಎಲುಬಿನ ಮಾದರಿಯಲ್ಲಿ ಜೋಡಿಸಿದ. ಅಡ್ಡ ಇಟ್ಟಂಗಿಗಳ ನಡುನಡುವೆ ಒಂದೊಂದನ್ನು ನೆಟ್ಟಗೆ ನಿಲ್ಲಿಸಿದರೆ, ನಿಂತ ಇಟ್ಟಂಗಿಗಳು ಗಾರೆ ಆರುವ ತನಕ ಮಲಗಿದ ಇಟ್ಟಂಗಿಗಳನ್ನು ಜಾರದಂತೆ ಹಿಡಿದುಕೊಳ್ಳುತ್ತವೆ. ಹೀಗೆ ಒಂದೊಂದು ಸುತ್ತೂ ಮುಗಿದೊಡನೆ ತನ್ನ ಭಾರವನ್ನು ತಾನೇ ಹೊರುತ್ತಿತ್ತು. ವಿದ್ಯಾರ್ಥಿಗಳು 463 ಮೆಟ್ಟಿಲು ಹತ್ತಿದ್ದು ಈ ಎರಡು ಚಿಪ್ಪುಗಳ ನಡುವಿನ ಓಣಿಯಿಂದಲೇ. ದಾರಿಯಲ್ಲಿ ಗಾರೆ ಮೆತ್ತದ ಕಡೆ ಈ ಜೋಡಣೆ ಬರಿಗಣ್ಣಿಗೆ ಕಾಣುತ್ತದೆ. ನಮ್ಮ ವಿದ್ಯಾರ್ಥಿನಿ ಮೇಲಿನಿಂದ ಕಂಡ ಊರಿನ ನೋಟಕ್ಕೆ ಎರಡು ಸಾಲು ಕೊಟ್ಟಿದ್ದಾಳೆ, ಆ ಇಟ್ಟಂಗಿಗಳಿಗೆ ಎರಡು ಪುಟ. ಪ್ರವಾಸದ ಸಾರ್ಥಕತೆಗೆ ನಾವು ಬೇರೆ ಸಾಕ್ಷಿ ಕೇಳುವುದಿಲ್ಲ.

ಇದೇ ಬ್ರುನೆಲ್ಲೆಸ್ಕಿ ತನ್ನ ಹರೆಯದಲ್ಲಿ ಒಂದು ಸ್ಪರ್ಧೆಯಲ್ಲಿ ಸೋತವನೆಂಬುದು ಉಪಾಧ್ಯಾಯರು ಮಕ್ಕಳಿಗೆ ಹೇಳತಕ್ಕ ಮಾತು. 1401ರಲ್ಲಿ ಅರಿವೆಯ ವ್ಯಾಪಾರಿಗಳ ಸಂಘವು ದೀಕ್ಷಾಗೃಹಕ್ಕೆ ಕಂಚಿನ ಬಾಗಿಲು ಮಾಡಿಸಲು ಸ್ಪರ್ಧೆ ಹೂಡಿತು. ವಿಷಯ ಒಂದೇ: ಅಬ್ರಹಾಮನು ದೇವರ ಅಪ್ಪಣೆಯಂತೆ ಮಗ ಐಸಾಕನನ್ನು ಬಲಿಕೊಡಲು ಕೈಯೆತ್ತಿದ ಗಳಿಗೆ. ಕಡೆಗೆ ಉಳಿದವರು ಬ್ರುನೆಲ್ಲೆಸ್ಕಿ ಮತ್ತು ಲೊರೆಂಜೊ ಗಿಬೆರ್ತಿ. ಇಬ್ಬರೂ ಇಪ್ಪತ್ತೈದರ ಒಳಗಿನವರು. ಗೆದ್ದವನು ಗಿಬೆರ್ತಿ. ಅದೃಷ್ಟಕ್ಕೆ ಇಬ್ಬರ ಫಲಕಗಳೂ ಉಳಿದು ಇಂದು ಬಾರ್ಜೆಲ್ಲೊ ವಸ್ತುಸಂಗ್ರಹಾಲಯದಲ್ಲಿವೆ. ಒಂದೇ ಪ್ರಶ್ನೆಗೆ ಇಬ್ಬರು ಬರೆದ ಉತ್ತರಪತ್ರಿಕೆಗಳನ್ನು ಆರುನೂರು ವರ್ಷದ ಮೇಲೆ ನಾವೂ ಪರೀಕ್ಷಿಸಬಹುದು! ಬ್ರುನೆಲ್ಲೆಸ್ಕಿಯ ಅಬ್ರಹಾಮ ಮಗನ ಗಂಟಲನ್ನೇ ಹಿಡಿದಿದ್ದಾನೆ. ದೇವದೂತ ಹಾರಿಬಂದು ಅವನ ಮುಂಗೈಯನ್ನು ಹಿಡಿದು ನಿಲ್ಲಿಸಿದ್ದಾನೆ. ಗಿಬೆರ್ತಿಯ ಫಲಕದಲ್ಲಿ ಇಷ್ಟು ಉಗ್ರತೆಯಿಲ್ಲ, ಹೊಂದಾಣಿಕೆ ಹೆಚ್ಚು. ಇನ್ನೊಂದು ವ್ಯತ್ಯಾಸ ಕಸುಬಿನದು. ಗಿಬೆರ್ತಿ ಬಹುಭಾಗವನ್ನು ಒಂದೇ ಎರಕದಲ್ಲಿ ಹೊಯ್ದ. ಬ್ರುನೆಲ್ಲೆಸ್ಕಿ ಬಿಡಿಬಿಡಿಯಾಗಿ ಹೊಯ್ದು ಹಲಗೆಗೆ ಕೂಡಿಸಿದ. ಗಿಬೆರ್ತಿಯದು ಹಗುರ, ಅಂದರೆ ಕಂಚಿನ ಖರ್ಚೂ ಕಡಿಮೆ. ವ್ಯಾಪಾರಿಗಳು ಇದನ್ನು ಗಮನಿಸದೆ ಇದ್ದಾರೆಯೇ? ವಿದ್ಯಾರ್ಥಿಗಳು ಮತ ಹಾಕಿದಾಗ ಹದಿನಾಲ್ಕು ಮಂದಿ ಬ್ರುನೆಲ್ಲೆಸ್ಕಿಯ ಕಡೆಗೆ ಬಿದ್ದರಂತೆ. ಹರೆಯದವರಿಗೆ ಉಗ್ರತೆ ಹಿಡಿಸುವುದು ಸಹಜ. ಚಿತ್ರಪಟಗಳಲ್ಲಿ ನೋಡಿದಷ್ಟರ ಮಟ್ಟಿಗೆ ನಮ್ಮ ಮತ ಗಿಬೆರ್ತಿಗೇ.

ಗಂಟೆಗೋಪುರದ ಬುಡದಲ್ಲಿ ಉಪಾಧ್ಯಾಯ ಬಂಧುಗಳು ತಪ್ಪದೆ ನಿಲ್ಲಬೇಕಾದ ಒಂದು ತಾಣವಿದೆ. 1334ರಲ್ಲಿ ಜೊತ್ತೊ ಎಂಬ ಚಿತ್ರಕಾರ ಸುರುಮಾಡಿದ ಈ ಗೋಪುರದ ಸುತ್ತ ಆರು ಮೂಲೆಯ ಚಿಕ್ಕ ಶಿಲಾಫಲಕಗಳಿವೆ. ರಾಜರಿಲ್ಲ, ಯುದ್ಧಗಳಿಲ್ಲ. ಉಳುಮೆ, ಕುರಿ ಕಾಯುವುದು, ಕಮ್ಮಾರಿಕೆ, ನೇಯ್ಗೆ, ಮನೆ ಕಟ್ಟುವುದು, ವೈದ್ಯ, ಹಡಗು ನಡೆಸುವುದು, ಹೀಗೆ ಮನುಷ್ಯನ ಕಾಯಕಗಳೇ ಸಾಲಾಗಿ ಬರುತ್ತವೆ. ಮೊದಲಿನವು ಆಂದ್ರೆಯಾ ಪಿಸಾನೊ ಮತ್ತು ಅವನ ಶಿಷ್ಯರವು. ಉಳಿದ ಐದನ್ನು ನೂರು ವರ್ಷದ ಮೇಲೆ ಲೂಕಾ ದೆಲ್ಲಾ ರೊಬ್ಬಿಯಾ ಕೆತ್ತಿದ. ಅವುಗಳಲ್ಲೊಂದು ವ್ಯಾಕರಣ: ವಯಸ್ಸಾದ ಗುರು, ಎದುರಿಗೆ ಪುಸ್ತಕ ಹಿಡಿದ ಇಬ್ಬರು ಹುಡುಗರು. ನೇಕಾರ, ಕಮ್ಮಾರ, ರೈತರ ಪಂಕ್ತಿಯಲ್ಲೇ ಸಾಲಿ ಮಾಸ್ತರನನ್ನೂ ಕೂರಿಸಿದ ಊರು ಅದು, ಮೇಲೂ ಅಲ್ಲ, ಕೆಳಗೂ ಅಲ್ಲ. ಈಗ ಗೋಪುರದ ಮೇಲಿರುವವು ಪ್ರತಿಗಳು; ಮೂಲಫಲಕಗಳು ದೇವಾಲಯದ ಹಿಂದಿರುವ ಸಂಗ್ರಹಾಲಯದಲ್ಲಿವೆ. ಈ ಮೂಲ ಮತ್ತು ಪ್ರತಿಗಳ ವಿಚಾರಕ್ಕೆ ಮುಂದೆ ಬರುತ್ತೇವೆ.

ಎರಡನೆಯ ದಿನ ತಂಡ ನದಿ ದಾಟಿ ಕಾರ್ಮಿನೆ ಎಂಬ ದೇವಾಲಯಕ್ಕೆ ಹೋಯಿತು. ಹೊರಗಿನಿಂದ ನೋಡಿದರೆ ಒರಟು ಗೋಡೆ. ಒಳಗೆ ಬಲಗಡೆಯ ತುದಿಯಲ್ಲಿ ಬ್ರಾಂಕಾಚ್ಚಿ ಮನೆತನದ ಪುಟ್ಟ ಗುಡಿ. ಒಮ್ಮೆಗೆ ಕೆಲವರನ್ನೇ ಒಳಗೆ ಬಿಡುತ್ತಾರಾದ್ದರಿಂದ ತಂಡ ಎರಡು ಪಾಲಾಗಬೇಕಾಯಿತು. 1425ರ ಸುಮಾರಿಗೆ ಮಸಾಚ್ಚೊ ಎಂಬ ತರುಣ ಇಲ್ಲಿ ಗೋಡೆಗೆ ಚಿತ್ರ ಬರೆದ. 1428ರಲ್ಲಿ, ಇಪ್ಪತ್ತೇಳು ತುಂಬುವ ಮೊದಲೇ, ರೋಮಿನಲ್ಲಿ ತೀರಿಕೊಂಡ. ಉಳಿದುದನ್ನು ಫಿಲಿಪ್ಪಿನೊ ಲಿಪ್ಪಿ 1480ರ ದಶಕದಲ್ಲಿ ಮುಗಿಸಿದ. ಮೈಕೆಲೆಂಜೆಲೊ ಹುಡುಗನಾಗಿದ್ದಾಗ ಇಲ್ಲಿಗೇ ಬಂದು ಈ ಚಿತ್ರಗಳನ್ನು ನೋಡಿ ಬರೆದು ಕಲಿತನು. ಇಲ್ಲಿಯೇ ಜೊತೆಯ ಹುಡುಗನೊಡನೆ ಜಗಳವಾಗಿ ಮೂಗು ಮುರಿಸಿಕೊಂಡನು! ವಿದ್ಯಾರ್ಥಿ ತಂಡಗಳ ಇತಿಹಾಸ ಹಳೆಯದು. ಅವರ ಜಗಳಗಳದೂ ಅಷ್ಟೇ ಹಳೆಯದು.

ಗೋಡೆಗೆ ಬರೆಯುವ ಈ ವಿಧಾನಕ್ಕೆ ಫ್ರೆಸ್ಕೊ ಎಂದು ಹೆಸರು. ಹಸಿ ಎಂದು ಅದರ ಅರ್ಥ. ಸುಣ್ಣದ ಗಿಲಾವು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಸುಣ್ಣ ಆರುತ್ತ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸೆರೆಯಾಗುತ್ತದೆ. ಆದಕಾರಣ ಚಿತ್ರಕಾರನು ಒಂದು ದಿನಕ್ಕೆ ಎಷ್ಟು ಬರೆಯಬಲ್ಲನೋ ಅಷ್ಟೇ ಗಿಲಾವು ಮಾಡಿಸಬೇಕು. ಆರಿದ ಮೇಲೆ ತಿದ್ದುವಂತಿಲ್ಲ. ತಿದ್ದಬೇಕೆಂದರೆ ಗಿಲಾವನ್ನು ಕೆತ್ತಿ ತೆಗೆದು ಹೊಸದಾಗಿ ಹಚ್ಚಬೇಕು. ಒಂದು ದಿನದ ಕೆಲಸದ ಅಂಚು ಇನ್ನೊಂದು ದಿನದ ಅಂಚಿಗೆ ಸೇರುವ ಗೆರೆ ಹತ್ತಿರ ನಿಂತು ನೋಡಿದವರಿಗೆ ಕಾಣುತ್ತದೆ. ಆಳೆತ್ತರದ ಸಂತನೊಬ್ಬನಿಗೆ ಎಷ್ಟು ದಿನ, ಬರಿಯ ಆಕಾಶಕ್ಕೆ ಎಷ್ಟು ದಿನ ಎಂಬುದನ್ನು ವಿದ್ವಾಂಸರು ಲೆಕ್ಕಹಾಕುವುದು ಹೀಗೆ.

ಇಲ್ಲಿಯ ಹೆಸರಾಂತ ಚಿತ್ರ 'ತೆರಿಗೆಯ ಹಣ'. ಕ್ರಿಸ್ತನನ್ನೂ ಶಿಷ್ಯರನ್ನೂ ಸುಂಕದವನು ತಡೆದು ಹಣ ಕೇಳುತ್ತಾನೆ; ಕ್ರಿಸ್ತನು ಪೀಟರನಿಗೆ ನೀರಿನ ಕಡೆಗೆ ಬೆರಳು ತೋರಿಸುತ್ತಾನೆ; ಪೀಟರನು ಮೀನಿನ ಬಾಯಿಂದ ನಾಣ್ಯ ತೆಗೆದು ಸುಂಕದವನ ಕೈಗೆ ಹಾಕುತ್ತಾನೆ. ಈ ಮೂರೂ ಒಂದೇ ಚಿತ್ರದಲ್ಲಿವೆ. ಪೀಟರನು ಮೂರು ಕಡೆ, ಸುಂಕದವನು ಎರಡು ಕಡೆ ಕಾಣುತ್ತಾರೆ. ನಮ್ಮ ಗುಡಿಗಳ ಗೋಡೆಯ ಮೇಲೆ ರಾಮಾಯಣದ ಕಥೆಯನ್ನು ಓದಿದ ಕಣ್ಣಿಗೆ ಇದರಲ್ಲಿ ತೊಡಕಿಲ್ಲ. ಹೊಸದಾಗಿ ಬಂದದ್ದು ಬೆಳಕು. ಚಿತ್ರದೊಳಗಿನ ಜನರ ನೆರಳುಗಳು ಬಿದ್ದಿರುವುದು ಆ ಗುಡಿಯ ನಿಜವಾದ ಕಿಟಕಿ ಯಾವ ಕಡೆಗಿದೆಯೋ ಆ ಕಡೆಯಿಂದ ಬೆಳಕು ಬಂದಂತೆ. ಅಂದರೆ ಚಿತ್ರವು ಗೋಡೆಯನ್ನು ಬಿಟ್ಟು ಬೇರೆಯಾಗಿ ಇರಲಾರದು. ಪುಸ್ತಕದಲ್ಲಿ ಅಚ್ಚಾದ ಚಿತ್ರವನ್ನು ನಾವು ಹತ್ತಾರು ಸಲ ನೋಡಿದ್ದೆವು. ಕಿಟಕಿಯ ಸಂಗತಿ ನಮಗೆ ಹೊಳೆದಿರಲಿಲ್ಲ, ಹೊಳೆಯುವಂತೆಯೂ ಇರಲಿಲ್ಲ. ಅಚ್ಚಿನಲ್ಲಿ ಕಿಟಕಿ ಬರುವುದಿಲ್ಲ. ಕೃತಿಯನ್ನು ಅದರ ಸ್ಥಳದಲ್ಲಿಯೇ ನೋಡಬೇಕೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕೊಡಲಾರೆವು.

ಮೂರನೆಯ ದಿನ ಉಫಿತ್ಸಿ. ಈ ಹೆಸರಿನ ಅರ್ಥ ಕಚೇರಿಗಳು ಎಂದು. 1560ರಲ್ಲಿ ವಸಾರಿ ಎಂಬಾತ ಸರಕಾರಿ ಕಚೇರಿಗಳಿಗಾಗಿಯೇ ಈ ಕಟ್ಟಡವನ್ನು ಆರಂಭಿಸಿದ. ಇಲ್ಲಿ ಚಿಮಾಬುಎ, ದುಚ್ಚೊ, ಜೊತ್ತೊ ಮೂವರೂ ಬರೆದ ಮರಿಯಮ್ಮನ ಮೂರು ದೊಡ್ಡ ಚಿತ್ರಗಳು ಒಂದೇ ಕೋಣೆಯಲ್ಲಿವೆ. ತಂಡ ಅಲ್ಲಿಯೇ ಒಂದು ತಾಸು ಕುಳಿತು, ಮೊದಲಿನವುಗಳಲ್ಲಿ ತೇಲುವಂತಿದ್ದ ತಾಯಿ ಜೊತ್ತೊನ ಕೈಯಲ್ಲಿ ಪೀಠದ ಮೇಲೆ ಭಾರವಾಗಿ ಕುಳಿತದ್ದನ್ನು ಬರೆದುಕೊಂಡಿತು. ಆಮೇಲೆ ಬೊತ್ತಿಚೆಲ್ಲಿಯ ಕೋಣೆ. ಅಲ್ಲಿಯ ನೂಕುನುಗ್ಗಲಿನ ವಿನಾ ಟಿಪ್ಪಣಿಯಲ್ಲಿ ಹೆಚ್ಚೇನೂ ಇಲ್ಲ. ಅತಿಯಾಗಿ ನೋಡುವುದರಿಂದ ತಲೆ ತಿರುಗುವುದೂ ಉಂಟು. 1817ರಲ್ಲಿ ಫ್ರೆಂಚ್ ಲೇಖಕ ಸ್ತಾಂಧಾಲನಿಗೆ ಇದೇ ಊರಿನ ಸಾಂತಾ ಕ್ರೋಚೆ ದೇವಾಲಯದಿಂದ ಹೊರಬರುವಾಗ ಎದೆ ಹೊಡೆದುಕೊಂಡು ಕಾಲು ಕುಸಿಯುವಂತಾಯಿತಂತೆ. ಫ್ಲಾರೆನ್ಸಿನ ಮನೋವೈದ್ಯೆಯೊಬ್ಬರು ಪ್ರವಾಸಿಗಳಲ್ಲಿ ಕಂಡ ಇಂಥ ಲಕ್ಷಣಗಳಿಗೆ ಅವನ ಹೆಸರನ್ನೇ ಇಟ್ಟು 1989ರಲ್ಲಿ ಪುಸ್ತಕ ಬರೆದರು. ದಿನಕ್ಕೆ ಮೂರು ವಸ್ತುವೆಂಬ ಕಟ್ಟಳೆಗೆ ವೈದ್ಯಶಾಸ್ತ್ರದ ಬೆಂಬಲವೂ ಇದ್ದಂತಾಯಿತು.

ಇನ್ನು ಎರಡನೆಯ ಪ್ರಶ್ನೆ. ಇಷ್ಟೆಲ್ಲ ಈ ಊರಿನಲ್ಲೇ ಹೇಗೆ ಉಳಿಯಿತು? ಯುರೋಪಿನಲ್ಲಿ ಅರಸುಮನೆಗಳು ಮುಳುಗಿದಾಗ ಅವುಗಳ ಭಂಡಾರಗಳು ಹರಾಜಿಗೆ ಬಂದು ದಿಕ್ಕುಪಾಲಾದದ್ದು ಸಾಮಾನ್ಯ ಸಂಗತಿ. ಇಲ್ಲಿಯ ಮೆದಿಚಿ ಮನೆತನವೂ 1737ರಲ್ಲಿ ಗಂಡು ಸಂತತಿಯಿಲ್ಲದೆ ಕೊನೆಗಂಡಿತು. ರಾಜ್ಯವು ಲೊರೇನ್ ಮನೆತನಕ್ಕೆ ಹೋಗುವುದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಆ ವಂಶದ ಕೊನೆಯವಳಾದ ಆನ್ನಾ ಮರಿಯಾ ಲುಯಿಜಾ ಎಂಬ ಮಕ್ಕಳಿಲ್ಲದ ವಿಧವೆ ಅದೇ ವರ್ಷ ಹೊಸ ಅರಸನೊಡನೆ ಒಂದು ಕರಾರು ಮಾಡಿಕೊಂಡಳು. ಮನೆತನದ ಚಿತ್ರ, ಶಿಲ್ಪ, ಗ್ರಂಥ, ರತ್ನಗಳೆಲ್ಲ ಅವನಿಗೆ ಸಲ್ಲತಕ್ಕವು. ಆದರೆ ಒಂದನ್ನೂ ಊರಿನಿಂದ ಆಚೆಗೆ ಒಯ್ಯಕೂಡದು. ಅವು ನಾಡಿನ ಅಲಂಕಾರಕ್ಕೂ ಜನರ ಉಪಯೋಗಕ್ಕೂ ಪರದೇಶಿಗಳ ಕುತೂಹಲಕ್ಕೂ ಇರತಕ್ಕವೆಂಬುದು ಕರಾರಿನ ಅಭಿಪ್ರಾಯ. 1743ರಲ್ಲಿ ಅವಳು ತೀರಿಕೊಂಡಳು. 1769ರಲ್ಲಿ ಉಫಿತ್ಸಿ ಜನರಿಗೆ ತೆರೆಯಿತು. ರಾಜ್ಯ ಹೋದರೂ ಊರಿನ ವಸ್ತು ಊರಿಗೇ ಉಳಿಯಿತು. ಗಡಿಗೆರೆಗಳು ಅತ್ತಿತ್ತ ಸರಿದ ಸೀಮೆಯಲ್ಲಿ ಬಾಳುವ ನಮಗೆ, ನಮ್ಮ ಊರ ಶಾಸನದ ಕಲ್ಲುಗಳೂ ತಾಡವಾಲೆಗಳೂ ಎಲ್ಲೆಲ್ಲಿ ಹೋದುವೆಂದು ಹುಡುಕುವ ನಮಗೆ, ಈ ಹೆಂಗಸಿನ ದೂರದೃಷ್ಟಿಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಉಳಿಸುವುದೆಂದರೆ ಇದ್ದಲ್ಲಿಯೇ ಬಿಡುವುದೆಂದೂ ಅಲ್ಲ. ಮೈಕೆಲೆಂಜೆಲೊನ ದಾವೀದ ವಿಗ್ರಹವನ್ನು ನೋಡಿರಿ. ನಲವತ್ತು ವರ್ಷದಷ್ಟು ಕಾಲ ಅರ್ಧ ಕೆತ್ತಿ ಬಿಟ್ಟಿದ್ದ ಬಂಡೆಯಿಂದ 1501ರಿಂದ 1504ರವರೆಗೆ ಅವನು ಕಡೆದ ಮೂರ್ತಿ, ಎತ್ತರ 5 ಮೀಟರಿಗೂ ಮಿಗಿಲು. ನಗರಸಭೆಯ ಅರಮನೆಯ ಬಾಗಿಲಲ್ಲಿ ಬಿಸಿಲು ಮಳೆಯಲ್ಲಿ ನಿಂತಿತ್ತು. 1527ರ ದೊಂಬಿಯಲ್ಲಿ ಎಡಗೈ ಮುರಿಯಿತು. 1873ರಲ್ಲಿ ಅದನ್ನು ಅಕಾಡೆಮಿಗೆ ಸಾಗಿಸಿದರು. ಮೊದಲಿನ ಜಾಗದಲ್ಲಿ 1910ರಲ್ಲಿ ಪ್ರತಿಯನ್ನು ನಿಲ್ಲಿಸಿದರು. ಗಿಬೆರ್ತಿಯ ಎರಡನೆಯ ಬಾಗಿಲೂ ಈಗ ಗಾಜಿನೊಳಗಿದೆ, ಚೌಕದಲ್ಲಿರುವುದು ಪ್ರತಿ. ಪ್ರತಿಯೆಂದೊಡನೆ ವಿದ್ಯಾರ್ಥಿಗಳು ಮೂಗು ಮುರಿಯುವುದುಂಟು. ಅದು ಸರಿಯಲ್ಲವೆಂದು ನಮಗೆ ತೋರುತ್ತದೆ. ಎಲ್ಲಿ ನಿಂತು, ಯಾರನ್ನು ನೋಡುತ್ತ, ಯಾವ ಬಾಗಿಲನ್ನು ಕಾಯುತ್ತಿದ್ದನೆಂಬುದನ್ನು ಪ್ರತಿ ತಿಳಿಸುತ್ತದೆ. ಉಳಿ ಆಡಿದ ಬಗೆಯನ್ನು ಮೂಲ ತಿಳಿಸುತ್ತದೆ. ಎರಡನ್ನೂ ಒಂದೇ ದಿನ ನೋಡಬೇಕು, ಮೊದಲು ಪ್ರತಿ, ಆಮೇಲೆ ಮೂಲ.

ಈ ಊರನ್ನು ಉಳಿಸಿದವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ. 1966ನೆಯ ನವೆಂಬರ 4ರಂದು ಆರ್ನೋ ನದಿ ಉಕ್ಕಿ ಊರನ್ನು ಹೊಕ್ಕಿತು. ಕೆಲವೆಡೆ ನೀರು ಆರು ಮೀಟರಿಗೂ ಮೇಲೇರಿತು. ಮನೆಗಳನ್ನು ಬೆಚ್ಚಗಿಡುವ ಒಲೆಗಳ ಎಣ್ಣೆ ಅದರಲ್ಲಿ ಬೆರೆಯಿತು. ಗಿಬೆರ್ತಿಯ ಬಾಗಿಲಿನ ಐದು ಫಲಕಗಳನ್ನು ನೀರು ಕಿತ್ತುಹಾಕಿತು. ಸಾಂತಾ ಕ್ರೋಚೆಯಲ್ಲಿದ್ದ ಚಿಮಾಬುಎಯ ಕ್ರೂಜೆಯ ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ತೊಳೆದುಹೋಯಿತು. ನದಿಯ ದಂಡೆಯಲ್ಲಿರುವ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹತ್ತು ಲಕ್ಷದಷ್ಟು ಪುಸ್ತಕಗಳು ಕೆಸರಿಗೆ ಬಿದ್ದುವು. ಆಗ ಇಟಲಿಯಿಂದಲೂ ಹೊರನಾಡುಗಳಿಂದಲೂ ಬಂದ ತರುಣ ತರುಣಿಯರು ನೆಲಮಾಳಿಗೆಯಿಂದ ಬೀದಿಯವರೆಗೆ ಸಾಲಾಗಿ ನಿಂತು ಒಂದೊಂದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿದರು. ಊರವರು ಅವರನ್ನು 'ಕೆಸರಿನ ದೇವದೂತರು' ಎಂದು ಕರೆದರು. ಆ ಹೆಸರೇ ನಿಂತಿತು. ಹಾಳೆಗಳನ್ನು ತೊಳೆದು ಒಣಗಿಸಿ ಮತ್ತೆ ಹೊಲಿಯುವ ವಿದ್ಯೆ ಅಲ್ಲಿಂದ ಮುಂದೆ ಒಂದು ಶಾಸ್ತ್ರವಾಗಿ ಬೆಳೆಯಿತು. ವಸಾರಿಯ 'ಕೊನೆಯ ಭೋಜನ'ದ ಹಲಗೆಗಳು ದುರಸ್ತಿಯಾಗಿ ಸಾಂತಾ ಕ್ರೋಚೆಗೆ ಮರಳಿದ್ದು 2016ರಲ್ಲಿ, ಸರಿಯಾಗಿ ಐವತ್ತು ವರ್ಷಕ್ಕೆ. ನೀರು ಏರಿದ ಮಟ್ಟವನ್ನು ತೋರಿಸುವ ಕಲ್ಲುಗಳು ಗೋಡೆಗಳಲ್ಲಿವೆ. ತಂಡದ ಅತಿ ಎತ್ತರದ ಹುಡುಗ ಕೈಚಾಚಿದರೂ ಅದು ಎಟುಕಲಿಲ್ಲವೆಂದು ಟಿಪ್ಪಣಿಯಲ್ಲಿದೆ.

ನಾಲ್ಕನೆಯ ದಿನ ಮಧ್ಯಾಹ್ನ ತಂಡ ಹೋದ ಸ್ಥಳಕ್ಕೆ ಸಾಮಾನ್ಯ ಪ್ರವಾಸಿಗಳು ಹೋಗುವುದಿಲ್ಲ. ಹೋಗಿ ಬನ್ನಿರೆಂದು ಒತ್ತಾಯಿಸಿ ಬರೆದವರು ನಾವೇ. ಊರಿನ ಪಡುವಣಕ್ಕೆ ನದಿಯ ಗುಂಟ ಮೂರು ಕಿಲೋಮೀಟರಿಗೂ ಉದ್ದವಾದ ಕಾಷಿನೆ ಎಂಬ ಉದ್ಯಾನವಿದೆ. ಅದರ ಕಟ್ಟಕಡೆಗೆ, ಮುಞೊನೆ ಎಂಬ ಹಳ್ಳ ಆರ್ನೋ ನದಿಯನ್ನು ಕೂಡುವಲ್ಲಿ, ಛತ್ರಿಯ ಕೆಳಗೆ ಮುಂಡಾಸು ಸುತ್ತಿದ ತರುಣನೊಬ್ಬನ ಅರೆಪ್ರತಿಮೆ ಇದೆ. ಅದು ಕೊಲ್ಹಾಪುರದ ಮಹಾರಾಜ ರಾಜಾರಾಮ ಛತ್ರಪತಿಗಳದು. 1870ರಲ್ಲಿ ಅವರು ಇಂಗ್ಲಂಡಿಗೆ ಹೋಗಿ, ಕಂಡದ್ದನ್ನು ದಿನದಿನವೂ ದಿನಚರಿಯಲ್ಲಿ ಬರೆದಿಡುತ್ತ, ಯುರೋಪಿನ ಮಾರ್ಗವಾಗಿ ಮರಳುತ್ತಿದ್ದರು. ಅದೇ ವರ್ಷ ನವೆಂಬರ 30ರಂದು ಫ್ಲಾರೆನ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು ಇಪ್ಪತ್ತು, ಈ ತಂಡದ ವಿದ್ಯಾರ್ಥಿಗಳ ವಯಸ್ಸೇ. ಶವದಹನದ ರೂಢಿಯಿಲ್ಲದ ಆ ಊರಿನಲ್ಲಿ ವಿಶೇಷ ಅಪ್ಪಣೆ ಪಡೆದು, ಎರಡು ನೀರು ಕೂಡುವ ತಾಣವನ್ನು ಆರಿಸಿ, ರಾತ್ರಿ ಚಿತೆಗೆ ಬೆಂಕಿಯಿಟ್ಟರು. ದಿನಚರಿ 1872ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸ್ಮಾರಕ ಎದ್ದದ್ದು 1874ರಲ್ಲಿ. ಪ್ರತಿಮೆ ಫುಲ್ಲರ್ ಎಂಬ ಆಂಗ್ಲ ಶಿಲ್ಪಿಯದು. ಕುಂದಣಗಾರರೂ ಆ. ನೇ. ಉಪಾಧ್ಯೆಯವರೂ ಪಾಠ ಹೇಳಿದ, ವಿ. ಕೃ. ಗೋಕಾಕರು ಪ್ರಾಚಾರ್ಯರಾಗಿದ್ದ, ಗಡಿಸೀಮೆಯ ಎಷ್ಟೋ ಮಂದಿ ಶಿಕ್ಷಕರು ಕಲಿತು ಬಂದ ಕೊಲ್ಹಾಪುರದ ರಾಜಾರಾಮ ಕಾಲೇಜು ಇವರ ಹೆಸರಿನದೇ.

ಅಲ್ಲಿ ಒಂದು ತಾಸು ಕುಳಿತು ಎಲ್ಲರೂ ಛತ್ರಿಯನ್ನು ಬರೆದುಕೊಂಡರು. ಸಮೀಪದಲ್ಲಿ 1970ರ ದಶಕದಲ್ಲಿ ಆರ್ನೋ ನದಿಗೆ ಕಟ್ಟಿದ ದೊಡ್ಡ ಸೇತುವೆಯ ಮೇಲೆ ವಾಹನಗಳು ಎಡೆಬಿಡದೆ ಓಡುತ್ತಿರುತ್ತವೆ. ಅದರ ಹೆಸರು ಪೊಂತೆ ಆಲ್ಲಿಂದಿಯಾನೊ. ಭಾರತೀಯನ ಬಳಿಯ ಸೇತುವೆ ಎಂದು ಅದರ ಅರ್ಥ.